ನಾಯಿಯ ನಿಯತ್ತು ಸಾಕು, ನಮ್ಮದೆಲ್ಲಿ?

ಹೋದ ಮಳೆಗಾಲದಲ್ಲಿ, ಸತ್ತೇಹೋಯಿತು ಅಂದುಕೊಂಡಿದ್ದ ನಮ್ಮ ಮನೆಯ ನಾಯಿಮರಿ ಆರನೇ ದಿನಕ್ಕೆ ಎದ್ದು ಕೂತಿತು. ನೋಡಲು ಬಂದ ಓಣಿಯ ಜನ ಒಂದೇ ಮಾತು ಹೇಳಿದರು: "ಗಟ್ಟಿ ಜೀವ ಬಿಡ್ರಿ ಮೇಷ್ಟ್ರೇ, ನಾಟಿ ನಾಯಿ ಅಲ್ವಾ!" ಅವ್ವ ಕೈಮುಗಿದು, "ಮೈಲಾರಲಿಂಗ ಕಣ್ಣು ಬಿಟ್ಟ" ಅಂದಳು. ಮರಿಯ ಫೋಟೋವನ್ನು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದಾಗ ಗೆಳೆಯರು ಬರೆದರು: "ನಾಯಿಯ ನಿಯತ್ತು ನೋಡಿ, ನಿಮ್ಮನ್ನು ಬಿಟ್ಟುಹೋಗಲು ಅದಕ್ಕೆ ಮನಸ್ಸಾಗಲಿಲ್ಲ."

ಮೂರೂ ಪ್ರೀತಿಯ ಮಾತುಗಳೇ. ಆದರೆ ಮೂರನ್ನೂ ನಾನು ಒಪ್ಪುವುದಿಲ್ಲ. ಬರೀ ತಪ್ಪು ಮಾತುಗಳಾಗಿದ್ದರೆ ಕೇಳಿ ಸುಮ್ಮನಾಗುತ್ತಿದ್ದೆ. ಈ ಮೂರು ಮಾತುಗಳ ಮರೆಯಲ್ಲಿ ಪ್ರತಿ ವರ್ಷ ನಮ್ಮ ಸೀಮೆಯಲ್ಲಿ ಲೆಕ್ಕಕ್ಕೆ ಸಿಗದಷ್ಟು ಮರಿಗಳು ಸಾಯುತ್ತವೆ. ಅದಕ್ಕೇ ಜಗಳಕ್ಕೆ ನಿಂತಿದ್ದೇನೆ. ಜಗಳ ಮೊದಲು ನನ್ನ ಜೊತೆಗೇ.

ಕೆಂಚ ಹುಟ್ಟಿದ್ದು ಹಿರಿಯೂರು ಸೀಮೆಯ ಒಂದು ಕುರಿಹಟ್ಟಿಯಲ್ಲಿ. ಪರಿಚಯದ ಕುರಿಗಾಹಿಯೊಬ್ಬರ ರೊಪ್ಪದಲ್ಲಿ ಮೂರು ಮರಿಗಳಿದ್ದವು. "ಒಂದನ್ನ ತಗೊಂಡ್ ಹೋಗಿ ಮೇಷ್ಟ್ರೇ, ತೋಟಕ್ಕೆ ಆಗುತ್ತೆ" ಅಂದರು. ಎರಡು ತಿಂಗಳ ಮರಿಯನ್ನು ರಟ್ಟಿನ ಪೆಟ್ಟಿಗೆಯಲ್ಲಿಟ್ಟುಕೊಂಡು ಹೊಳಲ್ಕೆರೆಗೆ ತಂದೆ. ತಂದ ಮಾರನೇ ದಿನವೇ ಕೊರಳಪಟ್ಟಿ ಬಂತು, ಸರಪಳಿ ಬಂತು, ಸ್ಟೀಲ್ ಬಟ್ಟಲು ಬಂತು, ಬಿಸ್ಕತ್ತಿನ ಪೊಟ್ಟಣ ಬಂತು. ಲಸಿಕೆ ಬರಲಿಲ್ಲ. ಮೂವತ್ತು ದಿನ ಬರಲಿಲ್ಲ. ಶಾಲೆಯಲ್ಲಿ ಪೋಲಿಯೋ ಹನಿಯ ಬಗ್ಗೆ, ಲೂಯಿ ಪಾಶ್ಚರನ ಬಗ್ಗೆ ಪಾಠ ಮಾಡುವ ನನಗೆ ಅದು ನೆನಪಾಗಲೇ ಇಲ್ಲ. ನೆನಪಾದ ಒಂದೆರಡು ಸಲವೂ, "ನಾಟಿ ನಾಯಿಗೆ ಏನಾಗುತ್ತೆ" ಎಂದು ನಾನೇ ನನಗೆ ಹೇಳಿಕೊಂಡಿದ್ದೆ.

ಆ ನಡುವೆ ಒಮ್ಮೆ ಅದೇ ಹಟ್ಟಿಗೆ ಹೋಗಿದ್ದೆ. ಕೆಂಚನ ಒಡಹುಟ್ಟು ಒಂದು ಮೂಲೆಯಲ್ಲಿ ಮುದುರಿ ಮಲಗಿತ್ತು. ಕರೆದರೂ ತಲೆ ಎತ್ತಲಿಲ್ಲ. "ಏನೋ ತಿಂದಿರಬೇಕು" ಎಂದುಕೊಂಡು ಚಹಾ ಕುಡಿದು ಬಂದೆ. ಒಂದು ವಾರವೂ ಕಳೆದಿರಲಿಲ್ಲ, ಕೆಂಚ ಅನ್ನ ಬಿಟ್ಟ. ಆಮೇಲೆ ನೊರೆ ನೊರೆ ವಾಂತಿ. ರಾತ್ರಿ ಹೊತ್ತಿಗೆ ರಕ್ತದ ಭೇದಿ. ಆ ವಾಸನೆಯನ್ನು ಒಮ್ಮೆ ಮೂಸಿದವರು ಮರೆಯುವುದಿಲ್ಲ. ರೋಗ ನನ್ನ ಚಪ್ಪಲಿಗೆ ಅಂಟಿಕೊಂಡೇ ಮನೆಗೆ ಬಂದಿರಬಹುದು. ಇದು ಊಹೆ, ಆದರೆ ಹಾಗೆ ಬರುವ ರೋಗ ಅದು ಎನ್ನುವುದು ಊಹೆಯಲ್ಲ.

ಮೊದಲ ಒಂದೂವರೆ ದಿನವನ್ನು ನಾವು ಕಳೆದದ್ದು ಹೀಗೆ: ಮಜ್ಜಿಗೆ ಕುಡಿಸಿದೆವು, ಕಕ್ಕಿತು. ಅರಿಶಿನದ ನೀರು ಕುಡಿಸಿದೆವು, ಕಕ್ಕಿತು. "ಹೊಟ್ಟೆಹುಳ" ಅಂದರು ಒಬ್ಬರು, ಹುಳದ ಮಾತ್ರೆ ಕೊಟ್ಟೆವು, ಅದನ್ನೂ ಕಕ್ಕಿತು. ದೃಷ್ಟಿ ತೆಗೆದದ್ದೂ ಆಯಿತು. ಮೊದಲು ಹುಡುಕಿಕೊಂಡು ಹೋದ ಪಶುವೈದ್ಯರು ಹಳ್ಳಿಗಳಲ್ಲಿ ದನಗಳಿಗೆ ಕಾಲುಬಾಯಿ ಜ್ವರದ ಲಸಿಕೆ ಹಾಕಲು ಹೋಗಿದ್ದರು. ಅದು ಅವರ ಕೆಲಸ, ತಕರಾರಿಲ್ಲ. ಅಷ್ಟರಲ್ಲಿ ಹೊಸದುರ್ಗದಿಂದ ನನ್ನ ಷಡ್ಡಕರ ಫೋನು. ಅವರ ಮನೆಯಲ್ಲಿ ಹಿಂದಿನ ವರ್ಷ ಇದೇ ರೀತಿ ಒಂದು ಲ್ಯಾಬ್ರಡಾರ್ ಮರಿ ಸತ್ತಿತ್ತು. "ಮಾವಿನಕಾಯಿ ಅರಿಶಿನ ಅಂತ ಕೂರಬೇಡಿ. ಈಗಲೇ ದುರ್ಗಕ್ಕೆ ಹೊರಡಿ. ನಾನು ನಾಳೆ ನೋಡೋಣ ಅಂದೆ, ನಾಳೆ ಇರಲಿಲ್ಲ" ಅಂದರು. ಪಕ್ಕದ ಮನೆಯವರ ಓಮ್ನಿಯಲ್ಲಿ ಮರಿಯನ್ನು ಗೋಣಿಚೀಲದ ಮೇಲೆ ಮಲಗಿಸಿಕೊಂಡು ಚಿತ್ರದುರ್ಗಕ್ಕೆ ಹೋದೆವು.

ವೈದ್ಯರು ಮಲವನ್ನು ಒಂದು ಸಣ್ಣ ಪಟ್ಟಿಯಲ್ಲಿ ಪರೀಕ್ಷೆ ಮಾಡಿ, ಎರಡು ಗೆರೆ ತೋರಿಸಿ, "ಪಾರ್ವೊ" ಅಂದರು. ಆಮೇಲೆ ಅವರು ಹೇಳಿದ್ದನ್ನು ನಾನು ಮಕ್ಕಳಿಗೆ ಪಾಠದಂತೆ ಹೇಳುತ್ತಿರುತ್ತೇನೆ. ಈ ವೈರಸ್ ಕರುಳಿನ ಒಳಪದರವನ್ನು ಸುಲಿದುಹಾಕುತ್ತದೆ, ಜೊತೆಗೆ ಮೂಳೆಮಜ್ಜೆಗೆ ಬಿದ್ದು ರೋಗದೊಂದಿಗೆ ಹೋರಾಡುವ ಬಿಳಿ ರಕ್ತಕಣಗಳನ್ನೇ ಕಡಿಮೆ ಮಾಡುತ್ತದೆ. ವಾಂತಿ ಭೇದಿಯಲ್ಲಿ ಮೈಯ ನೀರು, ಉಪ್ಪು ಎಲ್ಲ ಹೋಗುತ್ತದೆ. ಸುಲಿದ ಕರುಳಿನ ಮೂಲಕ ಅಲ್ಲಿನ ಬ್ಯಾಕ್ಟೀರಿಯಾ ರಕ್ತಕ್ಕೆ ಇಳಿಯುತ್ತವೆ. ವೈರಸನ್ನೇ ಕೊಲ್ಲುವ ಮಾತ್ರೆ ನಮ್ಮ ಕೈಯಲ್ಲಿಲ್ಲ. ಮರಿಯ ಮೈ ತಾನೇ ಗೆಲ್ಲಬೇಕು, ಗೆಲ್ಲುವ ತನಕ ಅದನ್ನು ಬತ್ತದ ಹಾಗೆ ನೋಡಿಕೊಳ್ಳಬೇಕು. ಇಷ್ಟೇ ಚಿಕಿತ್ಸೆ. ಸಲೈನು, ವಾಂತಿ ನಿಲ್ಲುವ ಇಂಜೆಕ್ಷನ್, ಬ್ಯಾಕ್ಟೀರಿಯಾಕ್ಕೆ ಆ್ಯಂಟಿಬಯಾಟಿಕ್, ಮೈ ತಣ್ಣಗಾಗದಂತೆ ಬೆಚ್ಚನೆಯ ಜಾಗ. ಹೀಗೆ ನೋಡಿಕೊಂಡರೆ ಹೆಚ್ಚಿನ ಮರಿಗಳು ಬದುಕುತ್ತವೆ. ಸುಮ್ಮನೆ ಬಿಟ್ಟರೆ ಹೆಚ್ಚಿನವು ಸಾಯುತ್ತವೆ.

ಮುಂದಿನ ನಾಲ್ಕು ರಾತ್ರಿ ನಮ್ಮ ನಡುಮನೆಯ ಕಿಟಕಿಯ ಸರಳಿಗೆ ಸಲೈನ್ ಬಾಟಲಿ ನೇತಾಡುತ್ತಿತ್ತು. ಮುಂಗಾಲಿಗೆ ಸೂಜಿ ಹಾಕಿ ಪಟ್ಟಿ ಸುತ್ತಿ ಕಳಿಸಿದ್ದರು. ಹನಿ ಎಷ್ಟು ಜೋರಾಗಿ ಬೀಳಬೇಕು, ಬಾಟಲಿ ಮುಗಿದಾಗ ಏನು ಮಾಡಬೇಕು ಎಲ್ಲ ತೋರಿಸಿಕೊಟ್ಟಿದ್ದರು. ದಿನಕ್ಕೊಮ್ಮೆ ದುರ್ಗಕ್ಕೆ ಹೋಗಿ ಇಂಜೆಕ್ಷನ್ ಹಾಕಿಸಿಕೊಂಡು ಬರುತ್ತಿದ್ದೆ. ರಾತ್ರಿ ಎರಡಕ್ಕೆ ನಾನು ತೂಕಡಿಸಿದರೆ ಅವ್ವ ಎದ್ದು ಹನಿ ಎಣಿಸುತ್ತಿದ್ದಳು. ಹೆಂಡತಿ ಎರಡೆರಡು ಗಂಟೆಗೆ ಹಾಸಿದ ಹಳೇ ಸೀರೆ ಬದಲಾಯಿಸುತ್ತಿದ್ದಳು. ನಾಲ್ಕನೇ ದಿನ ವಾಂತಿ ನಿಂತಿತು. ಐದನೇ ದಿನ ಕೆಂಚ ತಾನಾಗಿ ನೀರು ನೆಕ್ಕಿದ. ಆರನೇ ದಿನ ಎದ್ದು ಕೂತು ಎರಡು ಚಮಚ ತೆಳ್ಳನೆ ಗಂಜಿ ಕುಡಿದ. ಅದು ಉಳಿಯಿತು.

ಈಗ ಆ ಮೂರು ಮಾತುಗಳಿಗೆ ಬರುತ್ತೇನೆ.

ಮೊದಲನೆಯದು, ನಾಟಿ ನಾಯಿ ಗಟ್ಟಿ ಎನ್ನುವುದು. ಕೆಂಚನ ಇಬ್ಬರು ಒಡಹುಟ್ಟುಗಳೂ ನಾಟಿಯೇ. ಅದೇ ತಾಯಿ, ಅದೇ ಹಾಲು, ಅದೇ ರಕ್ತ. ಕೆಂಚನಿಗೆ ಸೂಜಿ ಚುಚ್ಚಿದ ವಾರದಲ್ಲೇ ಎರಡೂ ಸತ್ತವು. ಕುರಿಗಾಹಿ ಅವನ್ನು ಬೇಲಿಯಾಚೆ ಹೂತರು. ಹಾಗಾದರೆ ಗಟ್ಟಿತನ ಮೂವರಲ್ಲಿ ಒಬ್ಬನಿಗೆ ಮಾತ್ರ ಬಂತೇ? ಕೆಂಚ ಬದುಕಿದ್ದು ತಳಿಯಿಂದಲ್ಲ, ತಿಂಗಳ ಸಂಬಳ ಬರುವ ಮೇಷ್ಟರ ಮನೆಯಲ್ಲಿದ್ದ ಎಂಬುದರಿಂದ. ಓಮ್ನಿ ಇತ್ತು, ಫೋನ್ ಮಾಡಿ ಎಚ್ಚರಿಸುವ ಷಡ್ಡಕರಿದ್ದರು, ರಾತ್ರಿ ಎದ್ದು ಕೂರಲು ಮೂವರಿದ್ದೆವು. ಬೀದಿಯಲ್ಲಿ ಓಡಾಡುವ ನಾಲ್ಕು ನಾಯಿ ತೋರಿಸಿ "ಇವಕ್ಕೆ ಯಾರು ಲಸಿಕೆ ಹಾಕಿದ್ದಾರೆ, ಬದುಕಿಲ್ಲವೇ" ಎಂದು ಕೇಳುತ್ತೇವೆ. ಕೇಳುವಾಗ ಮಣ್ಣಾದ ಮರಿಗಳನ್ನು ಎಣಿಸುವುದಿಲ್ಲ, ಯಾಕೆಂದರೆ ಅವು ಬೀದಿಯಲ್ಲಿ ಓಡಾಡುತ್ತಿಲ್ಲ. ಉಳಿದವನ್ನು ಮಾತ್ರ ನೋಡಿ ಗಟ್ಟಿತನದ ಲೆಕ್ಕ ಹಾಕುವುದು, ಪಾಸಾದವರನ್ನು ಮಾತ್ರ ನಿಲ್ಲಿಸಿ ಶಾಲೆಯ ಫಲಿತಾಂಶ ನೂರಕ್ಕೆ ನೂರು ಅಂದ ಹಾಗೆ.

"ನಮ್ಮ ತಾತಂದಿರು ಯಾವ ಲಸಿಕೆ ಹಾಕಿಸಿದ್ದರು?" ಎನ್ನುವವರಿಗೆ ಇನ್ನೂ ಸರಳ ಉತ್ತರವಿದೆ. ನಾಯಿಗಳ ಪಾರ್ವೊ ರೋಗವನ್ನು ಜಗತ್ತು ಗುರುತಿಸಿದ್ದೇ 1978ರಲ್ಲಿ. ಬೆಕ್ಕುಗಳ ಒಂದು ಹಳೆಯ ವೈರಸ್ಸಿಗೆ ತೀರಾ ಹತ್ತಿರದ ಈ ಹೊಸ ವೈರಸ್ ಎರಡೇ ವರ್ಷದಲ್ಲಿ ಖಂಡ ಖಂಡಗಳಿಗೆ ಹಬ್ಬಿತು. ನಮ್ಮ ತಾತನ ನಾಯಿ ಇದನ್ನು ಗೆದ್ದಿರಲಿಲ್ಲ, ಇದು ಅದರ ಎದುರಿಗೇ ಬಂದಿರಲಿಲ್ಲ. ಇಲ್ಲದ ರೋಗಕ್ಕೆ ತಾತ ಮದ್ದು ಹುಡುಕಲಿಲ್ಲ ಎಂದು, ಇರುವ ರೋಗಕ್ಕೆ ನಾವು ಸುಮ್ಮನಿರುವುದು ಯಾವ ಜಾಣತನ?

ಜಾತಿನಾಯಿ ತಂದವರೂ ಬೀಗಬೇಕಾಗಿಲ್ಲ. ಷಡ್ಡಕರ ಲ್ಯಾಬ್ರಡಾರ್ ಜೊತೆಗೆ ಸ್ಟಿಕ್ಕರ್ ಅಂಟಿಸಿದ ಲಸಿಕೆ ಕಾರ್ಡೂ ಬಂದಿತ್ತು. ನಲವತ್ತು ದಿನದ ಮರಿ, ಒಂದು ಡೋಸು. ತಾಯಿಯಿಂದ ಬಂದ ರಕ್ಷಣೆ ಮರಿಯ ರಕ್ತದಲ್ಲಿ ಇನ್ನೂ ಇರುವಾಗ ಕೊಟ್ಟ ಲಸಿಕೆಯನ್ನು ಆ ರಕ್ಷಣೆಯೇ ಕೆಲಸ ಮಾಡಲು ಬಿಡುವುದಿಲ್ಲ. ಅದು ಇಳಿಯುವ ದಿನ ಒಂದೊಂದು ಮರಿಗೆ ಒಂದೊಂದು. ಅದಕ್ಕೇ ಆರರಿಂದ ಎಂಟು ವಾರಕ್ಕೆ ಶುರು ಮಾಡಿ, ಮೂರು ನಾಲ್ಕು ವಾರಕ್ಕೊಮ್ಮೆ, ಹದಿನಾರು ವಾರ ತುಂಬುವ ತನಕ ಹಾಕಿಸಬೇಕು. ಒಂದೇ ಡೋಸಿನ ಕಾರ್ಡನ್ನು ನಂಬಿ ಕೂತವರ ಮರಿಯೂ ಹೋಗುತ್ತದೆ.

ಎರಡನೆಯದು ಅವ್ವನ ಮಾತು. ಅದರ ಜೊತೆ ನನ್ನ ಜಗಳ ಸಣ್ಣದು. ಮೈಲಾರಲಿಂಗನ ಪರಂಪರೆಗೆ ನಾಯಿ ಹೊರಗಿನದಲ್ಲ. ಅವನ ಭಕ್ತರಲ್ಲಿ ವಗ್ಗಯ್ಯಗಳು ದೇವರ ನಾಯಿಗಳಾಗಿ ಬೊಗಳುತ್ತಾರೆ, ದೋಣಿಗೆ ಬಾಯಿ ಹಾಕಿ ಪ್ರಸಾದ ಉಣ್ಣುತ್ತಾರೆ. ದೇವರ ಎದುರು ನಾಯಿಯಾಗುವುದನ್ನೇ ಭಾಗ್ಯ ಅಂದುಕೊಂಡ ಜನ ನಾವು. ಅವ್ವ ಕೈಮುಗಿದಳು, ಆದರೆ ಕೈಮುಗಿಯುವ ಮುಂಚೆ ನಾಲ್ಕು ರಾತ್ರಿ ಹನಿ ಎಣಿಸಿದಳು. ನನ್ನ ತಕರಾರು ಇರುವುದು ಹನಿ ಎಣಿಸದೆ ಕೈಮುಗಿದು ಮುಗಿಸುವವರ ಜೊತೆ. ಸತ್ತರೆ "ಅದರ ಋಣ ಅಷ್ಟೇ ಇತ್ತು", ಬದುಕಿದರೆ "ಅವನ ದಯೆ". ಈ ಲೆಕ್ಕದಲ್ಲಿ ಸಾಕಿದವನ ಹೆಸರು ಎಲ್ಲೂ ಬರುವುದಿಲ್ಲ.

ಮೂರನೆಯದು ನಿಯತ್ತು. ಈ ಪತ್ರಿಕೆಯ ಓದುಗರ ಮುಂದೆ ಇದನ್ನೇ ಹೆಚ್ಚು ಹೇಳಬೇಕು, ಯಾಕೆಂದರೆ ಈ ಮಾತನ್ನು ಬೆಳೆಸಿದವರು ನಾವು, ಓದುವವರು ಬರೆಯುವವರು.

ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ನೋಡಿ. ಕ್ರಿ.ಶ. 949-50ರದ್ದು. ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರನಿಗೆ ಒಡೆಯ ಏನು ಬೇಕೋ ಕೇಳು ಎಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು, ಅದನ್ನು ಕೊಂದು ತಾನೂ ಸತ್ತಿತು. ಅದಕ್ಕೊಂದು ಕಲ್ಲು ನೆಟ್ಟರು, ಭೂಮಿ ಬಿಟ್ಟರು, ಕಲ್ಲನ್ನು ಪೂಜಿಸದೆ ಉಣ್ಣುವವನಿಗೆ ಪಾಪ ತಟ್ಟುತ್ತದೆ ಎಂದೂ ಕೊರೆಸಿದರು. ಸಾವಿರ ವರ್ಷದ ಹಿಂದೆ ಒಂದು ನಾಯಿಗೆ ಇಷ್ಟು ಗೌರವ ಕೊಟ್ಟ ನಾಡು ಎಂದು ನನಗೂ ಹೆಮ್ಮೆಯಿದೆ. ಆದರೆ ಗಮನಿಸಿ, ಕಲ್ಲು ಸಿಕ್ಕಿದ್ದು ಸತ್ತ ಮೇಲೆ.

ಮಹಾಭಾರತದ ಕೊನೆಗೆ ಧರ್ಮರಾಯನ ಹಿಂದೆ ನಡೆಯುವ ನಾಯಿ ಸ್ವರ್ಗದ ಬಾಗಿಲಲ್ಲಿ ಯಮಧರ್ಮನಾಗಿಬಿಡುತ್ತದೆ. ಅಲ್ಲಿಗೆ ನಾಯಿ ಉಳಿಯಲೇ ಇಲ್ಲ. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಓದಿದ ಯಾರೂ ಗುತ್ತಿಯ ಹುಲಿಯನನ್ನು ಮರೆಯರು. ಆ ಹುಲಿಯನೂ ತುಂಬಿದ ತುಂಗೆಯಲ್ಲಿ ಕೊಚ್ಚಿಹೋಗುತ್ತಾನೆ. 2022ರ '777 ಚಾರ್ಲಿ' ನೋಡಿ ಊರಿಗೂರೇ ಅತ್ತಿತು. ಆಗಿನ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿಯವರು ಕಣ್ಣೊರೆಸಿಕೊಂಡದ್ದು ಪತ್ರಿಕೆಗಳಲ್ಲಿ ಬಂತು. ಅಲ್ಲೂ ಚಾರ್ಲಿ ಉಳಿಯುವುದಿಲ್ಲ. ತೇಜಸ್ವಿಯವರ 'ಕರ್ವಾಲೊ'ದ ಕಿವಿ ಇದಕ್ಕೆ ಹೊರತು. ಅದು ಯಾವ ದೊಡ್ಡ ಅರ್ಥವನ್ನೂ ಹೊರದೆ ನಾಯಿಯಾಗಿಯೇ ಓಡಾಡಿಕೊಂಡಿದೆ.

ಈ ಕೃತಿಗಳು ಸಣ್ಣವು ಎಂದು ನಾನು ಹೇಳುತ್ತಿಲ್ಲ. ಇವೆಲ್ಲ ನಮ್ಮಲ್ಲಿ ಬೆಳೆಸಿದ ಒಂದು ರೂಢಿಯ ಬಗ್ಗೆ ಹೇಳುತ್ತಿದ್ದೇನೆ. ನಾಯಿ ನಮಗಾಗಿ ಸಾಯಬೇಕು, ನಾವು ಅದಕ್ಕಾಗಿ ಅಳಬೇಕು. ಅತ್ತರೆ ನಮ್ಮ ಪಾಲಿನದು ಸಂದಾಯವಾಯಿತು! ಬದುಕಿ ಉಳಿದ ನಾಯಿಯ ಕತೆಯಲ್ಲಿ ಅಳುವುದಕ್ಕೆ ಏನೂ ಇಲ್ಲ. ಅಲ್ಲಿರುವುದು ಬಾಟಲಿ, ಸೂಜಿ, ಭೇದಿ ಬಳಿದ ಸೀರೆ, ಔಷಧಿ ಅಂಗಡಿಯ ಚೀಟಿ, ನಿದ್ದೆಗೆಟ್ಟ ಕಣ್ಣು. ಅದು ಕತೆಯಾಗುವುದಿಲ್ಲ ಎಂದು ನಾವು ಬಿಟ್ಟಿದ್ದೇವೆ. ಬಿಟ್ಟಿದ್ದರಿಂದ ನಾಯಿ ಹೇಗೆ ಸಾಯುತ್ತದೆ ಎಂದು ಕನ್ನಡ ಓದುವ ಹುಡುಗನಿಗೆ ಚೆನ್ನಾಗಿ ಗೊತ್ತಿದೆ, ಹೇಗೆ ಬದುಕುತ್ತದೆ ಎಂದು ಗೊತ್ತಿಲ್ಲ.

ನಿಯತ್ತು ಎಂಬ ಮಾತು ಯಾವಾಗಲೂ ನಾಯಿಯ ಕಡೆಯಿಂದ ನಮ್ಮ ಕಡೆಗೆ ಹರಿಯುತ್ತದೆ. ತಿಂದ ಮನೆಗೆ ಅದು ನಿಯತ್ತಾಗಿರಬೇಕು. ನಾವು? ತೋಟ ಕಾಯಲು ಬೇಕು, ತೋಳದಿಂದ ಕುರಿ ಉಳಿಸಲು ಬೇಕು, ಮಕ್ಕಳ ಜೊತೆ ಆಡಲು ಬೇಕು. ಅದಕ್ಕೆ ನಮ್ಮ ಕಡೆಯಿಂದ ಸಿಗುವುದು ಉಳಿದ ಅನ್ನ, ಮತ್ತು ಮನುಷ್ಯ ಕೆಟ್ಟು ಬಾಳಿದರೆ ಬಳಸಲು "ನಾಯಿಪಾಡು" ಎಂಬ ಒಂದು ಪದ. ಆ ಪಾಡು ನಾಯಿ ತಾನಾಗಿ ತಂದುಕೊಂಡದ್ದಲ್ಲ.

ಇಲ್ಲಿ ಒಂದು ಪ್ರಶ್ನೆ ಬರುತ್ತದೆ, ಬರಲೇಬೇಕು. "ಮನುಷ್ಯರಿಗೇ ಆಸ್ಪತ್ರೆ ಸರಿಯಾಗಿ ಸಿಗದ ಕಡೆ ನಾಯಿಗೆ ಡ್ರಿಪ್ಪಾ?" ದುರ್ಗದಲ್ಲಿ ಕೆಂಚನನ್ನು ಎತ್ತಿಕೊಂಡು ಇಳಿದಾಗ ಒಬ್ಬ ಹಿರಿಯರು ನನ್ನನ್ನು ಹೀಗೇ ಕೇಳಿದರು. ಕೇಳಿದ್ದು ಕೆಟ್ಟ ಮನಸ್ಸಿನಿಂದಲ್ಲ, ಅವರ ಕೈಯಲ್ಲೂ ಒಂದು ಔಷಧಿ ಚೀಟಿ ಇತ್ತು. ಆಗ ಉತ್ತರ ಹೊಳೆಯಲಿಲ್ಲ. ಈಗ ಹೇಳುತ್ತೇನೆ.

ನಾಯಿಗಳನ್ನು ಕೊಲ್ಲುವ ಡಿಸ್ಟೆಂಪರ್ ಎಂಬ ಇನ್ನೊಂದು ರೋಗವಿದೆ. ಅದಕ್ಕೆ ಮದ್ದು ಹುಡುಕಲು 1923ರಲ್ಲಿ ಇಂಗ್ಲೆಂಡಿನಲ್ಲಿ 'ದಿ ಫೀಲ್ಡ್' ಎಂಬ ಪತ್ರಿಕೆ ಓದುಗರಿಂದ ನಿಧಿ ಕೂಡಿಸಿತು. ಲೇಡ್ಲಾ ಮತ್ತು ಡಂಕಿನ್ ಎಂಬ ವಿಜ್ಞಾನಿಗಳು ಮುಂಗುಸಿಯಂಥ ಫೆರೆಟ್ ಎಂಬ ಪ್ರಾಣಿಯನ್ನು ಬಳಸಿ ಆ ರೋಗದ ಲಸಿಕೆ ತಯಾರಿಸಿದರು. ಲೇಡ್ಲಾ ಇದ್ದ ತಂಡವೇ 1933ರಲ್ಲಿ ಅಂಥದೇ ಫೆರೆಟ್‌ಗಳ ಮೇಲೆ ಪ್ರಯೋಗ ಮಾಡಿ ಮನುಷ್ಯರ ಫ್ಲೂ ಜ್ವರದ ವೈರಸ್ಸನ್ನು ಮೊದಲ ಸಲ ಪತ್ತೆ ಮಾಡಿತು. "ನಾಯಿಗೇನು ಇಷ್ಟು" ಎಂದು ಆ ಓದುಗರು ಸುಮ್ಮನಿದ್ದಿದ್ದರೆ ಮನುಷ್ಯರಿಗೂ ಅಷ್ಟು ತಡವಾಗುತ್ತಿತ್ತು. ರೇಬೀಸ್ ಇನ್ನೂ ಹತ್ತಿರದ ಉದಾಹರಣೆ. ಲಕ್ಷಣ ಕಾಣಿಸಿದ ಮೇಲೆ ಚೇತರಿಕೆ ಇಲ್ಲವೇ ಇಲ್ಲ ಎನ್ನಬಹುದಾದ ರೋಗ ಅದು, ನಾಯಿಗೂ ಮನುಷ್ಯನಿಗೂ. ನೂರರಲ್ಲಿ ಎಪ್ಪತ್ತು ನಾಯಿಗಳಿಗೆ ಲಸಿಕೆ ಬಿದ್ದರೆ ಅದರ ಸರಪಳಿ ಕಡಿಯುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ನಾಯಿಯ ಆರೋಗ್ಯ ಮತ್ತು ನಮ್ಮ ಮಕ್ಕಳ ಆರೋಗ್ಯ ಎರಡು ಬೇರೆ ಬೇರೆ ಸರದಿಗಳಲ್ಲ. ಒಂದನ್ನು ಕಸಿದು ಇನ್ನೊಂದಕ್ಕೆ ಕೊಡುವ ಮಾತೇ ಅಲ್ಲ.

ಹಾಗಾದರೆ ಏನು ಮಾಡಬೇಕು? ದೊಡ್ಡ ಯೋಜನೆ ಬೇಡ. ನಮ್ಮ ಜಿಲ್ಲೆಯ ಕುರಿಹಟ್ಟಿಗಳಿಗೆ ಇಲಾಖೆಯವರು ಕುರಿಗಳ ಲಸಿಕೆ ತೆಗೆದುಕೊಂಡು ಹೋಗುತ್ತಾರೆ. ಅದೇ ಐಸ್ ಪೆಟ್ಟಿಗೆಯಲ್ಲಿ ಆ ಕುರಿಗಳನ್ನು ಕಾಯುವ ನಾಯಿಗಳಿಗೂ ಹತ್ತು ಸೀಸೆ ಇರಲಿ. ಕುರಿ ಸರ್ಕಾರದ ಲೆಕ್ಕದಲ್ಲಿ ಸಂಪತ್ತು. ಆ ಸಂಪತ್ತಿನ ಕಾವಲುಗಾರ ಯಾವ ಲೆಕ್ಕದಲ್ಲೂ ಇಲ್ಲ. ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನಕ್ಕೆ ಹಲವು ಕಡೆ ಉಚಿತ ರೇಬೀಸ್ ಲಸಿಕೆ ಹಾಕುತ್ತಾರೆ, ಆ ದಿನ ಹಟ್ಟಿಗಳಿಗೂ ಸುದ್ದಿ ಮುಟ್ಟಲಿ. ಮರಿ ಸತ್ತ ಮನೆಗೆ ಮತ್ತೊಂದು ಮರಿಯನ್ನು ತಕ್ಷಣ ತರಬೇಡಿ. ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ. ಫಿನಾಯಿಲ್ ನಂಬಿ ಕೂರುವಂತಿಲ್ಲ, ಬ್ಲೀಚಿಂಗ್ ಪುಡಿಯ ನೀರು ಬೇಕು. ಇದನ್ನೆಲ್ಲ ಹೇಳಲು ಡಾಕ್ಟರೇ ಬೇಕಿಲ್ಲ, ಓದಲು ಬರುವ ಯಾರಾದರೂ ಸಾಕು.

ಕೆಂಚ ಪೂರ್ತಿ ಚೇತರಿಸಿಕೊಂಡು, ಅವನಿಂದ ಬೇರೆ ನಾಯಿಗಳಿಗೆ ರೋಗ ಹರಡುವ ದಿನಗಳೂ ಕಳೆದ ಮೇಲೆ, ಮತ್ತೆ ಆ ಹಟ್ಟಿಗೆ ಹೋದೆ. ತಾಯಿನಾಯಿ ರೊಪ್ಪದ ಬಾಗಿಲಲ್ಲಿ ಮಲಗಿತ್ತು. ಕುರಿಗಾಹಿಗೆ ಎಲ್ಲ ಹೇಳಿದೆ: ರೋಗದ ಹೆಸರು, ಲಸಿಕೆ, ಎಷ್ಟನೇ ವಾರ, ಎಲ್ಲಿ ಸಿಗುತ್ತದೆ, ಏನು ಖರ್ಚು. ಅವರು ಪೂರ್ತಿ ಕೇಳಿದರು. ಸತ್ತ ಎರಡು ಮರಿಗಳಿಗೆ ಅವರೂ ಮಜ್ಜಿಗೆ ಕುಡಿಸಿದ್ದರಂತೆ, ಒಂದನ್ನು ರಾತ್ರಿಯಿಡೀ ಕಂಬಳಿಯೊಳಗೆ ಇಟ್ಟುಕೊಂಡು ಮಲಗಿದ್ದರಂತೆ. ಪ್ರೀತಿ ಅವರಲ್ಲಿ ನನಗಿಂತ ಕಡಿಮೆ ಇರಲಿಲ್ಲ. ಮಾತು ಮುಗಿದ ಮೇಲೆ ಅವರು ಕೇಳಿದ್ದು ಒಂದೇ ಪ್ರಶ್ನೆ.

"ನೀವು ಓದಿದೋರು, ಮರಿ ತಗೊಂಡ್ ಹೋಗೋವಾಗ್ಲೇ ಈ ಮಾತು ಹೇಳಬಾರ್ದಾಗಿತ್ತಾ ಮೇಷ್ಟ್ರೇ?"

ನನ್ನ ಹತ್ತಿರ ಉತ್ತರವಿರಲಿಲ್ಲ. ನಿಮ್ಮ ಮನೆಯಲ್ಲೋ ಓಣಿಯಲ್ಲೋ ಒಂದು ಮರಿ ಇದ್ದರೆ, ನಿಮ್ಮನ್ನು ಯಾರಾದರೂ ಹೀಗೆ ಕೇಳುವ ಮುಂಚೆಯೇ ಆ ಮಾತು ಹೇಳಿಬಿಡಿ.